ಏಳು ಮೆಟ್ಟಿಲು ಕೆಳಗಿನ ದನಿ

ಕುಶಾಲನಗರ,
ಏಪ್ರಿಲ್ 8, 2024, ಸೋಮವಾರ

ಪ್ರೀತಿಯ ಶಶಿ,

ಹೇಗಿದ್ದೀಯ ಮಾರಾಯ? ಕೆಮ್ಮು ಬಿಟ್ಟಿತೇ, ಇಲ್ಲ ಇನ್ನೂ ಎದೆಯಲ್ಲೇ ಕೂತಿದೆಯೇ? ಮಿಲಿಟರಿ ಬ್ಯಾಂಡಿನವರಿಗೆ ಯಾರೂ ಗುಂಡು ಹೊಡೆಯುವುದಿಲ್ಲ ಅಂತ ನನಗೆ ಸಮಾಧಾನ ಹೇಳುತ್ತೀಯ, ಸರಿ. ಆ ಬೆಟ್ಟದ ಚಳಿಗೂ ಆ ಮಾತನ್ನು ಯಾರಾದರೂ ಹೇಳಿದ್ದಾರೆಯೇ? ಕ್ಲಾರಿನೆಟ್ ಊದುವವನು ಎದೆ ಬೆಚ್ಚಗಿಟ್ಟುಕೊಳ್ಳಬೇಕಪ್ಪ. ಕರಿಮೆಣಸಿನ ಪುಡಿ, ಜೇನು ಕಳಿಸಿದ್ದೆ; ತಲುಪಿತು ಅಂತ ಒಂದು ಮಾತು ತಿಳಿಸಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ನಾನು ಚೆನ್ನಾಗಿದ್ದೇನೆ. ಜೆರಾಕ್ಸ್ ಅಂಗಡಿ ನಡೆಯುತ್ತಿದೆ. ಪಕ್ಕದ ಮನೆ ಗುರುಸಿದ್ದಮ್ಮ ಮಂಡಿ ನೋವು ಅಂತ ನರಳುತ್ತಲೇ ದಿನಕ್ಕೆ ನಾಲ್ಕು ಸಲ ನಮ್ಮ ಮನೆಗೆ ಬಂದುಹೋಗುತ್ತಾರೆ, ನಿನ್ನನ್ನೂ ಕೇಳುತ್ತಾರೆ. ಅಪ್ಪನೂ ಇದ್ದಾರೆ. ನೋಡು, ಅಪ್ಪ ಅಂದ ಕೂಡಲೇ ಕಾಗದ ಮಡಚಿಡಬೇಡ. ಫೋನಿನಲ್ಲಾದರೆ "ನೆಟ್‌ವರ್ಕ್ ಇಲ್ಲ ಅಕ್ಕ" ಅಂತ ಕಟ್ ಮಾಡುತ್ತೀಯ. ಕಾಗದಕ್ಕೆ ನೆಟ್‌ವರ್ಕ್ ಬೇಡವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಗುವ ಸುದ್ದಿ. ನಿನ್ನ ಅಕ್ಕ ಈಗ ಎಲೆಕ್ಟ್ರಾನಿಕ್ ಮ್ಯೂಸಿಕ್ ಮಾಡುತ್ತಿದ್ದಾಳೆ. ನಗು, ಚೆನ್ನಾಗಿ ನಗು. ಶಾಲೆಯಲ್ಲಿ ನಾಡಗೀತೆಗೆ ನಿಲ್ಲಿಸಿದರೆ ಬಾಯಿ ಮಾತ್ರ ಆಡಿಸಬೇಕು ಅಂತ ಟೀಚರು ತಾಕೀತು ಮಾಡುತ್ತಿದ್ದರಲ್ಲ, ಅದೇ ತೇಜಸ್ವಿನಿ, ಮೂವತ್ತೆಂಟು ತುಂಬಿದ ಮೇಲೆ ತಲೆಗೆ ಹೆಡ್‌ಫೋನ್ ಹಾಕಿಕೊಂಡು ಅಂಗಡಿಯ ಹಳೇ ಲ್ಯಾಪ್‌ಟಾಪಿನ ಮುಂದೆ ಕೂತು ಡಬ್ ಡಬ್ ಅನ್ನಿಸುತ್ತಿದ್ದಾಳೆ. ಯಾಕೆ ಅಂತ ಹೇಳುತ್ತೇನೆ, ಆತುರಪಡಬೇಡ.

ಜನವರಿಯಲ್ಲಿ ಅಪ್ಪನನ್ನು ಮೈಸೂರಿಗೆ ಕರೆದುಕೊಂಡು ಹೋಗಿ ಕಿವಿ ಪರೀಕ್ಷೆ ಮಾಡಿಸಿದೆ. ನಾನು ಕರೆದರೆ ತಿರುಗುತ್ತಿರಲಿಲ್ಲ, ಕುಕ್ಕರ್ ಕೂಗಿದರೂ ಸುಮ್ಮನೆ ಕೂತಿರುತ್ತಿದ್ದರು. ಹಠ ಅಂದುಕೊಂಡಿದ್ದೆ. ಹಠವಲ್ಲ ಶಶಿ, ಕಿವಿಯೇ ಇಲ್ಲ. ನಲವತ್ತು ವರ್ಷ ಬಾಡಿಗೆ ಮೈಕ್ ಸೆಟ್ಟಿನ ಹಾರ್ನ್‌ಗಳ ಬುಡದಲ್ಲಿ ನಿಂತಿದ್ದಕ್ಕೆ ಸಣ್ಣ ದನಿಗಳೆಲ್ಲ ಮೊದಲು ಹೋಗಿವೆ ಅಂದರು ಡಾಕ್ಟರು. ಹೆಂಗಸರ ದನಿ, ಮಕ್ಕಳ ದನಿ, ಹಕ್ಕಿ, ಫೋನಿನ ಗಂಟೆ ಯಾವುದೂ ಇಲ್ಲ. ದಪ್ಪ ದನಿಗಳು ಇನ್ನೂ ಸ್ವಲ್ಪ ಉಳಿದಿವೆ, ಅವೂ ಹೋಗುತ್ತಿವೆ, ವರ್ಷವೋ ಆರು ತಿಂಗಳೋ ಹೇಳುವುದಕ್ಕಾಗುವುದಿಲ್ಲ ಅಂದರು. ಕಿವಿಗೆ ಹಾಕುವ ಮಷೀನು ಕೊಡಿಸಿದೆ. ಎರಡು ದಿನ ಹಾಕಿಕೊಂಡು ಬೀರುವಿನಲ್ಲಿಟ್ಟರು. "ಫೀಡ್‌ಬ್ಯಾಕ್ ಹೊಡೀತದೆ ಕಣವ್ವ, ಕುಂಯ್ ಅಂತದೆ" ಅಂತೆ! ಮಂಜುನಾಥ ಸೌಂಡ್ಸ್‌ನ ಮಾಲೀಕರಿಗೆ ಮಷೀನಿನ ಗುಣಮಟ್ಟ ಹಿಡಿಸಲಿಲ್ಲ. ಈಗ ನಾನು ಅಂಗಡಿಯ ಕೆಟ್ಟ ಜೆರಾಕ್ಸ್ ಹಾಳೆಗಳ ಹಿಂಬದಿಯಲ್ಲಿ ಬರೆದು ತೋರಿಸುತ್ತೇನೆ, ಅವರು ಬಾಯಲ್ಲಿ ಉತ್ತರ ಕೊಡುತ್ತಾರೆ.

ಮೈಸೂರಿನಿಂದ ಬಂದ ವಾರಕ್ಕೆ ಅಪ್ಪ ಅಟ್ಟದಿಂದ ಕ್ಯಾಸೆಟ್ ಪೆಟ್ಟಿಗೆ ಇಳಿಸಿದರು. ಅದರಲ್ಲಿ ಅವ್ವನ ಟೇಪು ಇತ್ತು ಕಣೋ! ನೆನಪಿದೆಯಾ, ಹೊಸ ಆಂಪ್ಲಿಫೈಯರ್ ತಂದ ದಿನ, ನಿನಗೆ ಎಂಟು ವರ್ಷ. ಅವ್ವ ಅಂಗಳದಲ್ಲಿ ಶುಂಠಿ ಮಣ್ಣು ಬಿಡಿಸುತ್ತಾ ಕೂತಿದ್ದಳು. ಅಪ್ಪ ಮೈಕನ್ನು ಅವಳ ಬಾಯಿ ಹತ್ತಿರ ಹಿಡಿದು "ಏನಾರ ಹೇಳೇ ಚಲುವಿ, ಟೆಸ್ಟಿಂಗು" ಅಂದರು. "ಥೂ, ಹೋಗಿ ಅತ್ಲಾಗೆ, ಊರೋರು ನಗ್ತಾರೆ" ಅಂದಳು, ಆ ಮಾತೂ ಹಾರ್ನಿನಲ್ಲಿ ಹೊಳೆಯಾಚೆಗೆ ಕೇಳಿ ಎಲ್ಲರೂ ನಕ್ಕರು. ಆಮೇಲೆ ನಾಟಿ ಮಾಡುವಾಗ ತಾನೇ ಕಟ್ಟಿಕೊಂಡು ಹೇಳುತ್ತಿದ್ದ ಪದವನ್ನು ತಲೆ ಬಗ್ಗಿಸಿಕೊಂಡೇ ಹೇಳಿದಳು. ನೀನು ಬಿಸ್ಕತ್ತಿನ ಡಬ್ಬ ಬಡಿಯುತ್ತಿದ್ದೆ. ಎಂಥ ದಿನಗಳು ಶಶಿ ಅವು! ಮದುವೆ ಮನೆಗೆ ಹೋಗುವ ಜೀಪಿನಲ್ಲಿ ವೈರಿನ ಸುರುಳಿಗಳ ಮೇಲೆ ನಾವಿಬ್ಬರೂ ಕೂತು, ಸಿಲ್ವರ್ ಓಕ್ ಮರಕ್ಕೆ ಹಾರ್ನ್ ಕಟ್ಟುವಾಗ ಕೆಳಗಿನಿಂದ ಹಗ್ಗ ಹಿಡಿದು, ಹೋಳಿಗೆ ಊಟ ಮುಗಿಸಿ, ಸೀರಿಯಲ್ ಬಲ್ಬುಗಳನ್ನು ಒಂದೊಂದೇ ಒರೆಸಿ ಪೆಟ್ಟಿಗೆಗೆ ಹಾಕುತ್ತಿದ್ದೆವು. ಆಗೆಲ್ಲ ನಮ್ಮ ಮನೆಯಲ್ಲಿ ಯಾರೂ ಯಾರೊಂದಿಗೂ ಮಾತು ಬಿಟ್ಟಿರಲಿಲ್ಲ.

ಅಪ್ಪ ಆ ಟೇಪು ಹಾಕಿ, ವಾಲ್ಯೂಮ್ ತುದಿಗೆ ತಿರುಗಿಸಿ, ಸ್ಪೀಕರಿಗೆ ಕಿವಿ ಒತ್ತಿ ಕೂತರು. ಅವ್ವ ಮನೆ ತುಂಬ ಹಾಡುತ್ತಿದ್ದಳು, ಗುರುಸಿದ್ದಮ್ಮ ಬೇಲಿಯ ಹತ್ತಿರ ಬಂದು ನಿಂತು ಕಣ್ಣೊರೆಸಿಕೊಂಡರು. ಅಪ್ಪ ಮಾತ್ರ "ಟೇಪು ಖಾಲಿಯಾಗೋಗದೆ ಕಣವ್ವ, ಫಂಗಸ್ ಹಿಡ್ದದೆ" ಅಂತ ಎದ್ದು ಹೋದರು. ನನಗೆ ಅಳು ತಡೆಯಲಾಗಲಿಲ್ಲ. ದಪ್ಪ ದನಿ ಮಾತ್ರ ಕೇಳುತ್ತದೆ ಅಂದರೆ ಅವ್ವನ ದನಿಯನ್ನು ದಪ್ಪ ಮಾಡಿದರಾಯಿತಲ್ಲ ಅಂತ ಅವತ್ತು ಹೊಳೆಯಿತು. ಉಳಿದ ಕಿವಿ ಹೋಗುವುದರೊಳಗೆ ಒಂದು ಸಲ ಅವರಿಗೆ ಅವ್ವನನ್ನು ಕೇಳಿಸಬೇಕು, ಅಷ್ಟೇ ನನ್ನ ಹಠ.

ನಿನ್ನ ಕ್ಲಾಸ್‌ಮೇಟ್ ನಾಗಾರ್ಜುನ ಈಗ ಡಿಜೆ. ಕೂದಲಿಗೆ ಬಣ್ಣ, ಜೀಪಿಗೂ ಬಣ್ಣ. ಅವನನ್ನು ಕೇಳಿದೆ. ಅಪ್ಪನ ವಿಷಯ ಎತ್ತದೆ, ಮ್ಯೂಸಿಕ್ ಮಾಡೋ ಸಾಫ್ಟ್‌ವೇರ್ ಯಾವುದು ಒಳ್ಳೆಯದು ಅಂದೆ. "ಅಕ್ಕಾ, ನಿಮ್ಗೆ ಯಾವ ಟೈಪ್ ಮ್ಯೂಸಿಕ್ ಬೇಕು, ಅದನ್ನ ಮೊದ್ಲು ಹೇಳಿ" ಅಂದ. ನನಗೆ ಗೊತ್ತಿದ್ದರಲ್ಲವೇ! ತನ್ನದನ್ನು ತೆರೆದು ತೋರಿಸಿದ. ಅಬ್ಬಬ್ಬಾ, ಸಾವಿರ ಗುಂಡಿ, ಸಾವಿರ ತಿರುಪು, ಎಲ್ಲಿ ಒತ್ತಿದರೂ ಇನ್ನೊಂದು ಕಿಟಕಿ. ಕದ್ದ ಕಾಪಿ ಹಾಕಿಕೊಡುತ್ತೇನೆ ಅಂದ; ಅಂಥದ್ದೇ ಒಂದು ಕಾಪಿಯಿಂದ ವೈರಸ್ ಹೊಕ್ಕು ಅಂಗಡಿ ವಾರ ಬಾಗಿಲು ಹಾಕಿದ್ದು ನೆನಪಿದ್ದುದರಿಂದ ಕೈ ಮುಗಿದೆ. ಆಮೇಲೆ ನಾನೇ ಹುಡುಕಿ ಹಣ್ಣಿನ ಗುರುತಿನದೊಂದನ್ನು ಟ್ರಯಲ್ ಅಂತ ಇಳಿಸಿಕೊಂಡೆ. ತಾಳ ಜೋಡಿಸುವುದಕ್ಕೆ ಬಲು ಸುಲಭ. ಸಾಲಾಗಿ ಚೌಕಗಳಿರುತ್ತವೆ, ಬೇಕಾದ ಚೌಕ ಒತ್ತಿದರೆ ಅಲ್ಲಿ ಡಬ್ ಅನ್ನುತ್ತದೆ. ವಾರವಿಡೀ ಕೂತು ಒಂದು ತಾಳ ಕಟ್ಟಿ ಸೇವ್ ಮಾಡಿದೆ. ಮಾರನೇ ದಿನ ತೆರೆಯಲು ಹೋದರೆ, ಕೊಂಡವರಿಗೆ ಮಾತ್ರ ತೆರೆಯುತ್ತದೆ ಅಂತು. ತಪ್ಪು ಅವರದಲ್ಲ, ಮೊದಲೇ ಬರೆದಿದ್ದರು, ಓದದೆ ಒತ್ತಿದವಳು ನಾನು. ಊರವರ ಅರ್ಜಿಗಳನ್ನೆಲ್ಲ ಓದಿ ತುಂಬಿಕೊಡುವವಳಿಗೆ ತನ್ನದನ್ನು ಓದುವ ತಾಳ್ಮೆಯಿಲ್ಲ.

ಇನ್ನೊಂದು ಪುಕ್ಕಟೆಯದು ಸಿಕ್ಕಿತು. ಅದರಲ್ಲಿ ಅವ್ವನ ದನಿಯನ್ನು ನಿಧಾನ ಮಾಡಿದೆ, ದಪ್ಪವೇನೋ ಆಯಿತು, ಆದರೆ ಪದ ಎಳೆದೆಳೆದು, ನಿದ್ದೆಗಣ್ಣಿನಲ್ಲಿ ಗೊಣಗಿದ ಹಾಗೆ. ಓಟ ಹಾಗೇ ಇಟ್ಟು ಶ್ರುತಿ ಮಾತ್ರ ಇಳಿಸುವ ದಾರಿ ಇದೆಯಂತೆ, ಹಾರ್ಮೋನಿಯಮ್ಮಿನ ಮನೆಗಳ ಹಾಗೆ ಒಂದೊಂದೇ ಮೆಟ್ಟಿಲು ಕೆಳಗೆ. ಅದನ್ನು ಕಲಿಯುವುದಕ್ಕೆ ಇನ್ನೆರಡು ವಾರ. ಮಾರ್ಚ್ ಕೊನೆಗೆ ಕಾಫಿ ಹೂ ಅರಳಿಸುವ ಹೂಮಳೆ ಬಂದ ಸಂಜೆ ಐದನೇ ಮೆಟ್ಟಿಲಿನಲ್ಲಿದ್ದೆ. ಈ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಯಿತು, ಪ್ಲಗ್ಗಿನಲ್ಲೇ ಓಡಬೇಕು. ಮಿಂಚು ಕಂಡರೆ ಮೈಕ್ ಸೆಟ್ಟಿನವರ ಮನೆಯಲ್ಲಿ ಮೊದಲ ಕೆಲಸ ಏನು ಹೇಳು? ಗುಡುಗು ಬರುವ ಮೊದಲೇ ಅಪ್ಪನಿಗೆ ಮಿಂಚು ಕಂಡಿತು. ಓಡಿಬಂದು ಟಿವಿ, ಫ್ರಿಜ್ಜು, ಮಿಕ್ಸಿ, ನನ್ನ ಲ್ಯಾಪ್‌ಟಾಪು, ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತು, ಆಂಪ್ಲಿಫೈಯರ್ ಉಳಿಸಿದ ಸಂತೋಷದಲ್ಲಿ ನನ್ನತ್ತ ನೋಡಿ ನಕ್ಕರು. ತೆರೆದಿದ್ದ ಫೈಲು ಕೆಟ್ಟು ಎರಡು ವಾರದ ಕೆಲಸ ಹೊರಟುಹೋಯಿತು. ನಾನು ಬಾಯಿಗೆ ಬಂದಂತೆ ಕಿರುಚಿದೆ. ಅವರು ನಗುತ್ತಲೇ ಇದ್ದರು, ಪಾಪ, ಒಂದಕ್ಷರವೂ ಕೇಳಿರಲಿಲ್ಲ. ನನಗೆ ನನ್ನ ಮೇಲೇ ಹೇಸಿಗೆಯಾಗಿ ಒಳಗೆ ಹೋಗಿ ಕಾಫಿ ಮಾಡಿಕೊಟ್ಟೆ.

ಕೊನೆಗೆ ಆರಿಸಿಕೊಂಡಿದ್ದು ದನಿ ಜೋಡಿಸುವುದಕ್ಕೆ ನಾಲ್ಕೇ ನಾಲ್ಕು ಸಾಲಿರುವ ಒಂದು ಸಾದಾ ಸಾಫ್ಟ್‌ವೇರ್. ಗುಂಡಿಗಳು ಕಡಿಮೆ, ಶ್ರುತಿ ಇಳಿಸುತ್ತದೆ, ಕ್ಷಣಕ್ಷಣಕ್ಕೂ ತಾನೇ ಉಳಿಸಿಕೊಳ್ಳುತ್ತದೆ. ಪ್ಲಗ್ ಕೀಳುವ ಅಪ್ಪಂದಿರಿರುವ ಮನೆಗೆ ಇದೇ ಸರಿ. ನಾಗಾರ್ಜುನ ನೋಡಿ "ಇದು ಮಕ್ಕಳಾಟದ್ದು ಅಕ್ಕ" ಅಂತ ಮೂಗು ಮುರಿದ. ಮುರಿಯಲಿ. ಹೊಸಬರಿಗೆ ಯಾವುದು ಒಳ್ಳೆಯದು ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆ. ನಮಗೆ ಏನು ಕೇಳಬೇಕು ಅಂತ ಗೊತ್ತಿದ್ದರೆ ಎಷ್ಟೋ ಗುಂಡಿಗಳು ಬೇಕಾಗುವುದೇ ಇಲ್ಲ. ಅವ್ವನನ್ನು ಏಳು ಮೆಟ್ಟಿಲು ಇಳಿಸಿದೆ. ಕೆಳಗೆ ಎದೆಗೆ ತಾಗುವಂಥ ದಪ್ಪ ತಾಳ ಇಟ್ಟೆ, ನಾಟಿಯಲ್ಲಿ ಹೆಂಗಸರು ಹಿಂದೆ ಹಿಂದೆ ಹೆಜ್ಜೆ ಇಡುವ ಓಟದಲ್ಲಿ. ನಿನ್ನ ಬಿಸ್ಕತ್ತಿನ ಡಬ್ಬವನ್ನೂ ಬಿಟ್ಟಿಲ್ಲ, ಅದನ್ನೂ ಇಳಿಸಿದ ಮೇಲೆ ಒಳ್ಳೇ ತಮಟೆಯಾಯಿತು. ನಿನ್ನೆ ಮಧ್ಯಾಹ್ನ ಊಟವಾದ ಮೇಲೆ ಹಳೇ ದೊಡ್ಡ ಸ್ಪೀಕರ್ ಪೆಟ್ಟಿಗೆಗೆ ಜೋಡಿಸಿ, ಅಪ್ಪನ ಕೈ ಹಿಡಿದು ತಂದು ಅದರ ಪಕ್ಕ ಕೂರಿಸಿದೆ. ಅವರ ಅಂಗೈಯನ್ನು ಪೆಟ್ಟಿಗೆಯ ಮೇಲಿಟ್ಟು ಗುಂಡಿ ಒತ್ತಿದೆ. ಮೊದಲು ತಾಳ ಅಂಗೈಗೆ ತಾಗಿ ಹುಬ್ಬೇರಿಸಿದರು. ಆಮೇಲೆ ದನಿ ಬಂತು. ಕೇಳಿಸಿತು ಶಶಿ, ಅವರಿಗೆ ಕೇಳಿಸಿತು!

ಅವ್ವ ತೀರಿಕೊಂಡು ಆರು ವರ್ಷವಾಯಿತು. ಬಚ್ಚಲಿನಲ್ಲಿ ಬಿದ್ದು ಅವಳು ಕೂಗಿದ್ದು ಪಕ್ಕದ ಮನೆಯ ಗುರುಸಿದ್ದಮ್ಮನಿಗೆ ಕೇಳಿತು, ಮುಂದಿನ ಕೋಣೆಯಲ್ಲೇ ಆಂಪ್ಲಿಫೈಯರ್ ರಿಪೇರಿ ಮಾಡುತ್ತಿದ್ದ ಅಪ್ಪನಿಗೆ ಕೇಳಲಿಲ್ಲ. ನೀನು ಬಂದು ಕೇಳಿದಾಗ "ಟೇಪ್ ಜೋರಾಗಿ ಹಾಕಿದ್ದೆ" ಅಂದರು. "ನಿಂಗೆ ಅವ್ವನಿಗಿಂತ ನಿನ್ ಟೇಪೇ ಹೆಚ್ಚಾಯ್ತು" ಅಂದು ಹೋದವನು ನೀನು, ಮತ್ತೆ ಈ ಹೊಸ್ತಿಲು ತುಳಿದಿಲ್ಲ. ನಿನ್ನನ್ನು ಬಯ್ಯುತ್ತಿಲ್ಲ, ಆಗ ನಾನೂ ಹಾಗೇ ಅಂದುಕೊಂಡಿದ್ದೆ. ಇರಲಿ. ನಾಳೆ ಯುಗಾದಿ, ಅಂಚೆ ಕಚೇರಿಗೆ ರಜೆ. ಇವತ್ತೇ ಹಾಕಿಬಿಡಬೇಕು, ಬಾಗಿಲು ಮುಚ್ಚುವುದಕ್ಕೆ ಇನ್ನು ಅರ್ಧ ಗಂಟೆ. ಹೋಳಿಗೆಗೆ ಬೇಳೆ ಬೇಯುತ್ತಿದೆ, ನಿನ್ನ ಪಾಲಿನದನ್ನು ಗುರುಸಿದ್ದಮ್ಮ ತಿನ್ನುತ್ತಾರೆ. ಹೊಸ ವರ್ಷ ನಿನಗೆ ಒಳ್ಳೆಯದು ಮಾಡಲಿ, ನಿನ್ನ ಎದೆ ಗಟ್ಟಿಯಾಗಿರಲಿ, ಹೊತ್ತು ಹೊತ್ತಿಗೆ ಉಣ್ಣು. ನಿನ್ನ ಬ್ಯಾಂಡಿನ ಹುಡುಗರಿಗೆಲ್ಲ ಈ ಅಕ್ಕ ಕೇಳಿದಳು ಅಂತ ಹೇಳು.

ನಿನ್ನನ್ನು ಎತ್ತಿ ಆಡಿಸಿದ ಅಕ್ಕ,
ತೇಜಸ್ವಿನಿ

ತಾ.ಕ.: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಡಿಸಿದೆ. ಮೇಲೆ ಅರ್ಧ ಮಾತ್ರ ಬರೆದಿದ್ದೇನೆ. ಏಳು ಮೆಟ್ಟಿಲು ಇಳಿದ ಮೇಲೆ ಆ ದನಿ ಅವ್ವನದಾಗಿ ಉಳಿಯಲಿಲ್ಲ ಕಣೋ, ನಿನ್ನದಾಗಿಬಿಟ್ಟಿತು. ಥೇಟ್ ನೀನೇ. ಅಪ್ಪ ಪೆಟ್ಟಿಗೆಯಿಂದ ಕೈ ತೆಗೆದು ಬಾಗಿಲ ಕಡೆ ತಿರುಗಿದರು. "ಶಶಿ ಬಂದ್ನಾ? ಹೊರ್ಗ್ ಯಾಕ್ ನಿಂತವ್ನೆ, ಒಳಿಕ್ ಕರಿಯವ್ವ" ಅಂದರು. ನಾನು ಹಾಳೆ ಹುಡುಕುವಷ್ಟರಲ್ಲಿ ಬಾಗಿಲಿಗೇ ಹೇಳಿದರು: "ಅವತ್ತು ಟೇಪ್ ಹಾಕಿರ್ಲಿಲ್ಲ ಕಣ್ಲಾ. ನಿಮ್ಮವ್ವ ಕೂಗಿದ್ದು ನಂಗೆ ಕೇಳ್ಸ್ಲೇ ಇಲ್ಲ. ಮೈಕ್ ಸೆಟ್ಟೋನು ಕಿವಿ ಹೋಗದೆ ಅಂತ ಹೆಂಗ್ಲಾ ಹೇಳ್ಲಿ?" ಆರು ವರ್ಷ ನಿನ್ನ ಬೈಗುಳ ಹೊತ್ತುಕೊಂಡು ಸುಮ್ಮನಿದ್ದರು ಶಶಿ. 'ಅದು ಅವ್ವ' ಅಂತ ಬರೆಯಲು ಕೈ ಬರಲಿಲ್ಲ. 'ಟೇಪು ಅಪ್ಪಾ. ಶಶಿ ಬರ್ತಾನೆ' ಅಂತ ಬರೆದು ತೋರಿಸಿದೆ. ಆ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡಿದ್ದಾರೆ. ನಿನ್ನ ದನಿ ಅವರಿಗೆ ಇನ್ನೂ ಕೇಳುತ್ತದೆ. ಬೇಗ ಬಾ.