ಎದುರಿನ ಕುರ್ಚಿ

ಆರೈಕೆ ಕೇಂದ್ರದ ಮೇಲ್ವಿಚಾರಕರಿಗೆ,

ನಾನು ಈ ಬುಡಕಟ್ಟಿನ ಹಿರಿಯಳು. ನಿಮ್ಮ ಕೇಂದ್ರಕ್ಕೆ ಜಾಗ ಬಿಟ್ಟುಕೊಟ್ಟವಳೂ ನಾನೇ.

ತಾಯಿ ಸತ್ತ ಮೇಲೆ ಮಾತು ಬಿಟ್ಟಿದ್ದ ನನ್ನ ಮೊಮ್ಮಗಳನ್ನು ನಿಮ್ಮ ಆಪ್ತಸಮಾಲೋಚಕಿಯ ಬಳಿ ಕಳಿಸಿದ್ದೆ. ಆಕೆ ಖಾಲಿ ಕುರ್ಚಿಯೊಂದನ್ನು ಎದುರಿಗಿಟ್ಟು, "ಅಮ್ಮ ಇಲ್ಲೇ ಕೂತಿದ್ದಾಳೆ ಅಂದ್ಕೊಂಡು ಕರಿ, ಪುಟ್ಟಿ" ಎಂದರಂತೆ. ಮಗು ಕರೆಯಿತು, ಅತ್ತಿತು, ಮಾತಾಡಿತು. ಅಷ್ಟಕ್ಕೆ ನಾನು ಋಣಿ. ಆದರೆ ಹೊತ್ತಾಯಿತೆಂದು ಇಬ್ಬರೂ ಎದ್ದು ಬಂದರು. ಕರೆಸಿಕೊಂಡ ತಾಯಿಯನ್ನು ಯಾರೂ ಕಳಿಸಿಕೊಡಲಿಲ್ಲ. ನಮ್ಮಲ್ಲಿ ಬದುಕಿರುವವರಿಗೆ "ಹೋಗಿ ಬಾ" ಅನ್ನುತ್ತೇವೆ, ಸತ್ತವರಿಗೆ "ಹೋಗು" ಎಂದಷ್ಟೇ ಹೇಳಿ ಏಳುತ್ತೇವೆ.

ಈಗ ಮಗು ಊಟ ಬಿಟ್ಟು ದಿನವೂ ಆ ಕೋಣೆಗೆ ಓಡುತ್ತದೆ. "ಅಜ್ಜೀ, ಅಮ್ಮ ನನ್ನೂ ಕರ್ಕೊಂಡ್ಹೋಗ್ತಾಳಂತೆ" ಅನ್ನುತ್ತದೆ.

ನಿನ್ನೆ ನಾನೇ ಬಂದು, ಬಾಗಿಲು ಹಾಕಿಕೊಂಡು ಆ ಕುರ್ಚಿಯ ಎದುರು ಕೂತೆ. "ಹೋಗು" ಎನ್ನಲು ನನಗೂ ಬಾಯಿ ಬರಲಿಲ್ಲ.

ಇನ್ನು ಮುಂದೆ ಯಾರನ್ನಾದರೂ ಕರೆಸಿದರೆ, ಕಳಿಸಿಕೊಡುವುದನ್ನೂ ನಿಮ್ಮ ಸಮಾಲೋಚಕಿಗೆ ಕಲಿಸಿ. ಮೊಮ್ಮಗಳನ್ನು ಅವಳ ಸೋದರಮಾವನ ಮನೆಗೆ ಕಳಿಸಿದ್ದೇನೆ. ಕುರ್ಚಿಯನ್ನು ಹುಡುಕಬೇಡಿ, ಅದನ್ನು ನನ್ನ ಕೋಣೆಗೆ ತರಿಸಿಕೊಂಡಿದ್ದೇನೆ. ಪ್ಲಾಸ್ಟಿಕ್ಕಿನದಾದರೂ ಹೊರಲು ಇಬ್ಬರು ಬೇಕಾಯಿತು. ಅದರಲ್ಲಿ ಕೂತವಳು ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಲೇಬೇಕೆಂದರೆ, ಎದುರಿಗೆ ನಾನು ಕೂತಿದ್ದೇನೆ.

ಇಂತಿ,
ಅವಳ ತಾಯಿ