ಕರಡಿಗೆ ಸರಿಸಿದ ಮೇಲೆ

ಬೆಂಗಳೂರು
೧೨-೮-೧೯೬೩

ಕಳ್ಳಂಬೆಳ್ಳದ ಅಣ್ಣ ಕಾಡಸಿದ್ದಪ್ಪನಿಗೆ ತಂಗಿಯ ಶರಣು.

ನನ್ನ ಕತ್ತಿನ ಗಂಟಿಗೆಂದು ಆಸ್ಪತ್ರೆಯಲ್ಲಿ ಕುಡಿಸಿದ ವಿಕಿರಣ ಅಯೋಡಿನ್ನಿನ ಬೀಟಾ ಕಿರಣ ಒಳಗೇ ರೋಗವನ್ನು ಸುಡುತ್ತದಂತೆ. ಗಾಮಾ ಕಿರಣ ಹೊರಗೆ ಬರುತ್ತದೆ, ಅದನ್ನು ಯಂತ್ರ ಎಣಿಸುತ್ತದೆ. ಎಣಿಕೆ ಎಲ್ಲಿ ಜಾಸ್ತಿಯೋ ಅಲ್ಲಿ ರೋಗ. ಎದೆಯಲ್ಲಿ ಏನೂ ಇಲ್ಲವೆಂದು ಹೋದ ವಾರ ಬರೆದಿದ್ದೆನಲ್ಲ.

ಇವತ್ತು ಅಳೆಯುವವರು, "ಸೆರಗಿನೊಳಗೆ ಏನಮ್ಮ ಅದು?" ಅಂದರು. ಎದೆಯ ಮೇಲಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆ. ಮೈಮೇಲಿಂದ ತೆಗೆಯಲು ಒಪ್ಪದೆ ಹೆಗಲಿಗೆ ಸರಿಸಿಕೊಂಡೆ. ಇಷ್ಟು ದಿನ ಅದರ ದಪ್ಪ ಬೆಳ್ಳಿ ತಡೆದಿದ್ದ ಕಿರಣ ಯಂತ್ರಕ್ಕೆ ಸಿಕ್ಕಿತು. ರೋಗ ಎದೆಗೂ ಹಬ್ಬಿದೆ. ಇಷ್ಟು ಹಬ್ಬಿದ ಮೇಲೆ ಈ ಔಷಧಿ ಸಾಲುವುದಿಲ್ಲವಂತೆ.

ಶನಿವಾರ ನೀನೊಬ್ಬನೇ ಬಾ. "ಲಿಂಗಪ್ಪನೇ ಕಾಪಾಡ್ಬುಟ್ಟ ಕಣ್ಲಾ" ಅಂತ ಹೋದ ವಾರದ ಸುದ್ದಿ ಕೇಳಿ ಅವ್ವ ಅತ್ತಳೆಂದು ನೀನು ಬರೆದಿದ್ದೆ. ಅವಳು ಕೇಳಿದರೆ ನನ್ನ ಹೋದ ವಾರದ ಕಾಗದವನ್ನೇ ಇನ್ನೊಮ್ಮೆ ಓದಿಹೇಳು.

ಇಂತಿ,
ಸರ್ವಮಂಗಳಾ