ಕೆಂಪು ಜಾಕೆಟ್ ಮೇಲೆ ಕಣ್ಣು

ಮಾರ್ಚ್ 3, ಸೋಮವಾರ

ಸ್ಕೂಲಿನ ಕಯಾಕ್ ದೋಣಿ ಕ್ಲಬ್ಬಿನ ಲೈಫ್ ಜಾಕೆಟ್‌ಗಳನ್ನೆಲ್ಲ ಬಿಸಿಲಿಗೆ ಹರವಿದೆ. ಒಂದೊಂದರ ಬಕಲನ್ನೂ ಎಳೆದು ನೋಡಿದ್ದಾಯಿತು. ಎರಡು ಕೆಟ್ಟಿವೆ — ಪಕ್ಕಕ್ಕೆ. ವಿಸಿಲ್‌ಗಳನ್ನು ಬಿಸಿನೀರಲ್ಲಿ ತೊಳೆದೆ. ಒಂದರೊಳಗೆ ಹೋದ ವರ್ಷದ ಚ್ಯೂಯಿಂಗ್ ಗಮ್. ಮಕ್ಕಳೋ ಮಂಗಗಳೋ.

ಹೊಸ ಪ್ರಿನ್ಸಿಪಾಲರು ಬಂದು ನಿಂತರು. ‘ಎರಡು ಬಣ್ಣ ಯಾಕೆ ಮಿಸ್? ಫೋಟೋಗೆ ಚೆನ್ನಾಗಿರುತ್ತೆ ಅಂತಾನಾ?’ ಬಿಡಿಸಿ ಹೇಳಿದೆ. ಈಜು ಬರೋರಿಗೆ ಹಳದಿ, ಬಾರದವರಿಗೆ ಕೆಂಪು. ಹಳದಿ ಕೆರೆಯ ನಡುವಿನ ತೇಲುಗುಂಡಿನವರೆಗೂ ಹೋಗಬಹುದು. ಕೆಂಪು ದಡದ ಹತ್ತಿರವೇ ಕಯಾಕ್ ನಡೆಸಬೇಕು. ದೂರದಿಂದ ನೋಡಿದರೂ ಯಾರು ಎತ್ತ ಅಂತ ನನಗೆ ಗೊತ್ತಾಗಬೇಕು. ತಲೆ ಆಡಿಸಿದರು. ಅರ್ಥವಾಯಿತೋ ಇಲ್ಲವೋ, ದೇವರಿಗೇ ಗೊತ್ತು.

ಮಾರ್ಚ್ 5, ಬುಧವಾರ

ಸಂಜೆ ಅಕ್ಕನ ಮನೆ. ಶನಿವಾರ ಕೆರೆಗೆ ಹೋಗೋದು ಈ ಸಲ ಗುಬ್ಬಿಯ ಕ್ಲಾಸಿನ ಸರದಿ. ಗುಬ್ಬಿ ಅಂದರೆ ಅಕ್ಕನ ಮಗಳು, ನಮ್ಮ ಸ್ಕೂಲಲ್ಲೇ ಏಳನೇ ಕ್ಲಾಸು. ಅಕ್ಕ ಬಕೆಟ್ ನೀರಿಗೂ ಹೆದರುವ ಪೈಕಿ. ಒಪ್ಪಿಗೆ ಕೊಡೋ ಹೊತ್ತಿಗೆ ನನ್ನ ಎರಡು ಲೋಟ ಟೀ ಮುಗಿದಿತ್ತು.

‘ನಿನ್ನ ನಂಬಿ ಕಳಿಸ್ತಿದೀನಿ ಕಣೇ. ಇರೋದು ಇವಳೊಬ್ಬಳೇ.’

‘ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ ಅಕ್ಕ.’

ಗುಬ್ಬಿಗೆ ಬೇರೆಯೇ ಚಿಂತೆ. ಈಜು ಬಾರದ್ದು ಆ ಬ್ಯಾಚಿನಲ್ಲಿ ಇವಳೊಬ್ಬಳಿಗೇ. ‘ಚಿಕ್ಕಮ್ಮ, ನಂಗೂ ಹಳದಿ ಕೊಡು. ಕೆಂಪು ಹಾಕ್ಕೊಂಡ್ರೆ ಟೊಮೇಟೊ ಅಂತಾರೆ.’

‘ಅನ್ನಲಿ ಬಿಡೇ. ಊರವರ ಬಾಯಿ ಹೊಲಿಯೋಕಾಗತ್ತಾ?’

ಮುಖ ಊದಿಸಿಕೊಂಡು ಒಳಗೆ ಹೋದಳು. ನಾನು ನಕ್ಕುಬಿಟ್ಟೆ.

ಮಾರ್ಚ್ 7, ಶುಕ್ರವಾರ

ಈಜುಕೊಳದಲ್ಲಿ ಪ್ರಾಕ್ಟೀಸ್. ಕಯಾಕ್ ಮಗುಚಿದರೆ ಏನು ಮಾಡಬೇಕು — ಇಡೀ ಬೆಳಿಗ್ಗೆ ಅದೇ. ‘ಹುಟ್ಟು ಹೋದ್ರೆ ಹೋಗ್ಲಿ, ದೋಣಿ ಬಿಡಬೇಡಿ. ಮೂರು ಸಲ ವಿಸಿಲ್.’ ಕೂಗಿ ಕೂಗಿ ಗಂಟಲು ಬಿತ್ತು. ಹಿಂದಿನಿಂದ ಯಾರೋ ನನ್ನ ಧ್ವನಿಯಲ್ಲೇ ಅದನ್ನು ಅಣಕಿಸಿದರು. ಅಣಕಿಸಲಿ, ಬಾಯಿಗೆ ಬಂತಲ್ಲ.

ಜಾಕೆಟ್ ಪಟ್ಟಿಯ ಪರೀಕ್ಷೆ ಯಾವಾಗಲಿನಂತೆ. ಹೆಗಲ ಹತ್ತಿರ ಹಿಡಿದು ಮೇಲೆತ್ತುತ್ತೇನೆ. ಜಾಕೆಟ್ ಒಂದೇ ಮೇಲೆ ಬಂದರೆ ಸಡಿಲ, ಮಗುವೂ ಜೊತೆಗೆ ಬಂದರೆ ಸರಿ. ಗುಬ್ಬಿ ಜೊತೆಗೇ ಮೇಲೆ ಬಂದಳು. ಅವಳ ಗೆಳತಿಯೊಬ್ಬಳಿದ್ದಾಳೆ, ಎಲ್ಲರೂ ಕರೆಯೋದು ‘ಒಂಟೆ’ ಅಂತ; ಅವಳನ್ನು ಎತ್ತಲು ಹೋಗಿ ನನ್ನ ಸೊಂಟವೇ ಹಿಡಿಯಿತು. ಅದೇನು ಕಾಲೋ ಆ ಹುಡುಗಿಗೆ. ಕೂತರೆ ಎಲ್ಲರಷ್ಟೇ, ಎದ್ದರೆ ದೀಪದ ಕಂಬ.

ಮಾರ್ಚ್ 8, ಶನಿವಾರ, ಸಂಜೆ

ಗುಬ್ಬಿ ಚೆನ್ನಾಗಿದ್ದಾಳೆ. ಮೊದಲು ಅದನ್ನೇ ಬರೆಯುತ್ತೇನೆ. ಚೆನ್ನಾಗಿದ್ದಾಳೆ. ಮನೆ ಸೇರಿದಳು.

ಬೆಳಿಗ್ಗೆ ದಡದಲ್ಲಿ ಎಲ್ಲರ ಪಟ್ಟಿಯನ್ನೂ ಎಳೆದು ನೋಡಿದೆ. ಆಮೇಲೆ ಅರ್ಧ ಕ್ಲಾಸಿಗೆ ಒಟ್ಟಿಗೇ ಟಾಯ್ಲೆಟ್ ನೆನಪಾಯಿತು. ಹೋಗಿ ಬಂದರು. ಮತ್ತೆ ನೋಡಲಿಲ್ಲ ನಾನು. ಒಂದು ಸಲ ನೋಡಿದ್ದೀನಲ್ಲ ಅಂತ...

ಲೆಕ್ಕದ ಮೇಷ್ಟ್ರು ದಡದಲ್ಲಿ ಹಗ್ಗ ಹಿಡಿದು ನಿಂತರು. ನಾನು ಮೋಟಾರ್ ಬೋಟಲ್ಲಿ. ಎಲ್ಲರ ತಲೆಗೂ ಒಂದೇ ಥರ ಹೆಲ್ಮೆಟ್. ಕಣ್ಣು ಮಾತ್ರ ಆ ಒಂದು ಕೆಂಪು ಜಾಕೆಟ್ ಮೇಲೆ. ಏನು ಚೆನ್ನಾಗಿ ಹುಟ್ಟು ಹಾಕ್ತಿತ್ತು! ನಮ್ಮ ಮನೆತನದ ಕೈಯೇ ಹಾಗೆ ಅಂತ ಒಳಗೊಳಗೇ ಉಬ್ಬಿದೆ.

ಅಷ್ಟರಲ್ಲಿ ತೇಲುಗುಂಡಿನ ಕಡೆಯಿಂದ ವಿಸಿಲ್. ಮೂರು ಸಲ. ಒಂದು ಕಯಾಕ್ ಮಗುಚಿತ್ತು, ಪಕ್ಕದಲ್ಲಿ ಹಳದಿ ಜಾಕೆಟ್. ಹಳದಿ ತಾನೆ, ಸಂಭಾಳಿಸ್ತಾರೆ ಅಂದುಕೊಂಡೆ. ಅಂದುಕೊಂಡೆನಲ್ಲ, ಅದೇ ಈಗಲೂ ಚುಚ್ಚುತ್ತಿದೆ.

ಕೆಂಪು ಜಾಕೆಟ್ ತಿರುಗಿತು. ಒಳಗಿದ್ದದ್ದು ಒಂಟೆಯ ಮುಖ.

‘ಮಿಸ್... ಅದು ಗುಬ್ಬಿ.’

ಬೋಟ್ ಹೇಗೆ ತಿರುಗಿಸಿದೆನೋ ಗೊತ್ತಿಲ್ಲ. ದಾರಿ ಉದ್ದಕ್ಕೂ ಒಂದೇ ಯೋಚನೆ — ಒಂಟೆಯ ಅಳತೆಯ ಜಾಕೆಟ್, ಈ ಕಡ್ಡಿಯ ಮೈ. ಕತ್ತಿನಿಂದ ಜಾರಿ ಮೇಲೆ ಬಂದುಬಿಟ್ಟರೆ?

ಬಂದಿರಲಿಲ್ಲ. ಗುಬ್ಬಿ ಕಣ್ಣು ಮುಚ್ಚಿ, ಮಗುಚಿದ ಕಯಾಕನ್ನು ಅಪ್ಪಿಕೊಂಡು, ವಿಸಿಲ್ ಊದುತ್ತಲೇ ಇದ್ದಳು. ಮೂರೆಲ್ಲಿ, ಲೆಕ್ಕವೇ ಇಲ್ಲ. ಹೆಗಲು ಹಿಡಿದು ಎತ್ತಿದೆ. ಜಾಕೆಟ್ ಜೊತೆ ಮಗುವೂ ಬಂತು.

‘ಚಿಕ್ಕಮ್ಮ, ಹುಟ್ಟು ಹೋಯ್ತು.’

‘ಹೋಗ್ಲಿ ಬಿಡೇ.’

ಸ್ಕೂಲಲ್ಲಿ ಮಿಸ್ ಅನ್ನಬೇಕು ಅಂತ ಕಟ್ಟಪ್ಪಣೆ ನನ್ನದೇ. ಅವಳು ಚಿಕ್ಕಮ್ಮ ಅಂದರೂ ಯಾರೂ ನಗಲಿಲ್ಲ. ಬೋಟಿನ ನೆಲದಲ್ಲೇ ಕೂತು ಅತ್ತೆ, ಎಲ್ಲರೆದುರಿಗೇ.

ದಡದಲ್ಲಿ ಒಂಟೆ ಹೆಲ್ಮೆಟ್ ಕಳಚಿ ನಿಂತಿದ್ದಳು. ಚೆನ್ನಾಗಿ ಬಯ್ಯಬೇಕು ಅಂತ ಬಾಯಿ ತೆರೆದೆ. ‘ಪಾಪ, ಟೊಮೇಟೊ ಅಂತಿದ್ರು ಮಿಸ್, ಅದಕ್ಕೇ ಬದಲಾಯಿಸಿಕೊಂಡ್ವಿ. ಪಟ್ಟಿ ನಾನೇ ಎಳೆದು ಕಟ್ಟಿದೆ. ನೀವು ಎತ್ತಿ ನೋಡೋ ಥರ ಎರಡು ಸಲ ಎತ್ತಿ ನೋಡಿದೆ.’ ಅವಳ ತಲೆ ಸವರಿದೆ. ಸೋಮವಾರ ಬಯ್ದರಾಯಿತು.

ಅಕ್ಕನಿಗೆ ಇನ್ನೂ ಹೇಳಿಲ್ಲ. ಈಗ ಹೊರಟೆ.

ಮಾರ್ಚ್ 14, ಶುಕ್ರವಾರ

ಇಷ್ಟು ದಿನ ಬರೆಯುವ ಮನಸ್ಸಾಗಲಿಲ್ಲ.

ಅವತ್ತು ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ‘ನಾನು ಕಣ್ಣು ತೆಗೆಯಲಿಲ್ಲ ಅಕ್ಕ, ಆದರೆ ನೋಡ್ತಿದ್ದದ್ದು ಬೇರೆ ಮಗೂನ’ — ಅದನ್ನೂ ಹೇಳಿದೆ. ಎದ್ದು ಒಳಗೆ ಹೋಗಿ ಗುಬ್ಬಿಯ ತಲೆ ಒರೆಸಿದಳು. ಒಣಗಿದ ತಲೆಯನ್ನು. ಅವತ್ತಿನಿಂದ ಫೋನ್ ಎತ್ತಿಲ್ಲ. ಬಯ್ದಿದ್ದರೆ ವಾಸಿಯಿತ್ತು.

ಪ್ರಿನ್ಸಿಪಾಲರು ಕ್ಲಬ್ಬೇ ಮುಚ್ಚೋಣ ಅಂದರು. ‘ನೆಗಡಿ ಬಂತು ಅಂತ ಮೂಗು ಕೊಯ್ಕೋತಾರಾ ಸರ್?’ ಅಂದೆ. ಅನ್ನಬಾರದಿತ್ತೇನೋ. ನಕ್ಕರು, ಸದ್ಯ.

ಹೊಸ ಪದ್ಧತಿ: ಎಲ್ಲರಿಗೂ ಒಂದೇ ಬಣ್ಣ. ಗುರುತು ಕಯಾಕಿನ ಮೂತಿಗೆ, ಮಕ್ಕಳ ಮೈಗಲ್ಲ. ಯಾರು ಯಾವ ಕಯಾಕಲ್ಲಿ ಅನ್ನೋದು ನಾನೇ ಕೂರಿಸಿ ನೋಡಬೇಕು. ಪಟ್ಟಿ ಎಳೆಯುವುದೂ ಆಗಲೇ, ನೀರಿಗೆ ನೂಕುವ ಮುಂಚೆ. ಈಜು ಬಾರದವರ ಪಕ್ಕ ಒಬ್ಬ ಟೀಚರ್ ಕಯಾಕಲ್ಲೇ ಇರಬೇಕು. ಲೆಕ್ಕದ ಮೇಷ್ಟ್ರು ‘ಅಂದ್ರೆ ನಾನಾ?’ ಅಂದರು. ಮುಖ ನೋಡಬೇಕಿತ್ತು.

ಮಾರ್ಚ್ 22, ಶನಿವಾರ, ಬೆಳಿಗ್ಗೆ, ಈಜುಕೊಳದ ಬೆಂಚು

ಗುಬ್ಬಿಗೆ ಇವತ್ತಿಂದ ಈಜು. ನಿನ್ನೆ ಅವಳೇ ಫೋನ್ ಮಾಡಿದಳು, ‘ಅಮ್ಮ ಹೂಂ ಅಂದ್ಲು ಚಿಕ್ಕಮ್ಮ.’ ನಂಬಲಿಲ್ಲ ನಾನು.

ಈಗ ಬಂದರು. ಇಬ್ಬರೂ. ಅಕ್ಕನ ಕೈಯಲ್ಲೂ ಟವೆಲ್.

‘ಇವಳು ನೀರಲ್ಲಿ, ನಾನು ಮನೇಲಿ ಕೂತು ಜೀವ ಕೈಯಲ್ಲಿ ಹಿಡ್ಕೊಳ್ಳೋದು ಸಾಕಾಯ್ತು. ನಂಗೂ ಕಲಿಸು.’ ಇಷ್ಟು ದಿನದ ಮೇಲೆ ಮೊದಲ ಮಾತು. ಕಣ್ಣು ತುಂಬಿಬಂತು, ಹಳೇ ಜಾಕೆಟ್‌ಗಳ ರಾಶಿಯಲ್ಲಿ ಹುಡುಕುವ ನೆಪದಲ್ಲಿ ಆಚೆ ತಿರುಗಿದೆ.

‘ಯಾವ ಬಣ್ಣ ಕೊಡ್ಲಿ ಅಕ್ಕ?’

‘ಕೆಂಪೇ ಕೊಡೇ. ನಂಗೆ ಬರಲ್ಲ ಅಂತ ಊರಿಗೇ ಗೊತ್ತು.’

ಗುಬ್ಬಿ ಪಟ್ಟಿ ಬಿಗಿದಳು. ಅಮ್ಮನ ಹೆಗಲು ಹಿಡಿದು ಎತ್ತಿದಳು, ಕಾಲೂರಿ ಮತ್ತೆ ಎತ್ತಿದಳು. ‘ಜಾಕೆಟ್ಟೂ ಬರ್ತಿಲ್ಲ, ಅಮ್ಮನೂ ಬರ್ತಿಲ್ಲ ಚಿಕ್ಕಮ್ಮ.’ ಅಕ್ಕ ನಕ್ಕಳು. ಅಬ್ಬ, ನಕ್ಕಳು.

ಈಗ ಕಂಬಿ ಹಿಡಿದು ಮೊದಲ ಮೆಟ್ಟಿಲಲ್ಲಿ ನಿಂತಿದ್ದಾಳೆ. ಒಂದು ಕಾಲು ನೀರಲ್ಲಿ. ನನ್ನ ಕಡೆಯೇ ನೋಡುತ್ತಿದ್ದಾಳೆ.

‘ಆ ಪುಸ್ತಕ ಮುಚ್ಚೇ. ನನ್ನ ಮೇಲೆ ಕಣ್ಣಿಡು, ಇಳೀತಿದೀನಿ.’

ಎರಡನೇ ಕಾಲೂ